ಹಲ್ಲಿನ ಬಿಳಿ ಕಲೆಗೆ ಮೂರು ಟ್ಯೂಬ್: ನನ್ನ ಓಟು ಯಾವುದಕ್ಕೆ?

ಹಲ್ಲಿನ ಕ್ಲಿಪ್ ತೆಗೆಸಿದ ಮೇಲೆ ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ, ಸುಣ್ಣ ಬಳಿದಂಥ ಕಲೆಗಳು ಉಳಿದಿದ್ದವು. ನಮ್ಮದು ಗದಗ ಜಿಲ್ಲೆಯ ಮುಂಡರಗಿ ಕಡೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಮನೆಯಲ್ಲಿ ಎಲ್ಲರೂ ನೀರಿನ ಮೇಲೇ ತಪ್ಪು ಹೊರಿಸಿದರು.

ಹುಬ್ಬಳ್ಳಿಯ ಡಾಕ್ಟರ್ ಹಲ್ಲಿಗೆ ಗಾಳಿ ಊದಿದರು. ಒಣಗಿದ್ದೇ ತಡ, ಕಲೆ ಇನ್ನಷ್ಟು ಬೆಳ್ಳಗೆ ಎದ್ದು ಕಂಡಿತು. ನೀರಿನ ಕಲೆ ಚಿಕ್ಕಂದಿನಲ್ಲಿ ಹಲ್ಲು ಬೆಳೆಯುವಾಗಲೇ ಬರುತ್ತದಂತೆ, ಎಡಕ್ಕೂ ಬಲಕ್ಕೂ ಒಂದೇ ತರ. ನನ್ನದು ಹುಳುಕಿನ ಮೊದಲ ಹಂತ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಹುಳಿ ಬಿಡುತ್ತವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಅದು ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತವೆ. ಜೊಲ್ಲು ಅವನ್ನು ವಾಪಸ್ ತುಂಬುತ್ತದೆ. ಈ ಟ್ಯೂಬ್‌ಗಳ ಕೆಲಸ ಜೊಲ್ಲಿಗೆ ಕೈಜೋಡಿಸುವುದು, ಅಷ್ಟೇ.

ಮೊದಲು ಹಿಡಿದದ್ದು ಸಾದಾ ಫ್ಲೋರೈಡ್ ಪೇಸ್ಟ್, 1000 ಪಿಪಿಎಂನದು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು ಫ್ಲೋರೈಡ್. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಫ್ಲೋರೈಡ್ ಸೇರಿ ಗಟ್ಟಿಯಾದ ಹರಳು ಹುಳಿಗೆ ಬೇಗ ಜಗ್ಗುವುದಿಲ್ಲ. ಗುಟ್ಟು ಇರುವುದು ಉಜ್ಜಿದ ಮೇಲೆ: ನೊರೆ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು. ನಮ್ಮ ಮಂದಿಗೆ ಇದೇ ಕಷ್ಟ. ತಂಬಿಗೆ ನೀರು ಖಾಲಿ ಮಾಡದಿದ್ದರೆ ಹಲ್ಲುಜ್ಜಿದ ಸಮಾಧಾನವೇ ಇಲ್ಲ, ಅಲ್ವಾ?

ಆಮೇಲೆ ಸಿಪಿಪಿ-ಎಸಿಪಿ ಕ್ರೀಮ್. ಹಾಲಿನ ಕೇಸಿನ್ ಎಂಬ ಪ್ರೋಟೀನ್‌ನಿಂದ ತೆಗೆದದ್ದು, ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧನೆಯ ಫಲ. ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ತಾನೇ ಹೊತ್ತು ತರುತ್ತದೆ. ರಾತ್ರಿ ಉಜ್ಜಿದ ಮೇಲೆ ಬೆರಳಿನಿಂದ ಕಲೆಗೆ ಸವರಿ ಮಲಗುತ್ತಿದ್ದೆ. ರುಚಿ ಮಕ್ಕಳಿಗೂ ಹಿಡಿಸುವಂಥದ್ದು. ಆದರೆ ಟ್ಯೂಬ್ ಸಣ್ಣದು, ರೇಟು ಕೇಳಿದರೆ ಹಲ್ಲೇ ಜುಮ್ಮೆನ್ನುತ್ತದೆ. ಹಾಲಿನ ಅಲರ್ಜಿ ಇದ್ದವರು ಮುಟ್ಟಲೇಬಾರದು.

ಮೂರನೆಯದು ನ್ಯಾನೊ ಹೈಡ್ರಾಕ್ಸಿಅಪಟೈಟ್ ಪೇಸ್ಟ್. ಎನಾಮಲ್ ಆಗಿರುವುದೇ ಈ ಖನಿಜದಿಂದ. ಜಪಾನ್‌ನಲ್ಲಿ 1993ರಲ್ಲೇ ಒಪ್ಪಿಗೆ ಸಿಕ್ಕಿದೆ. ನಾಲಿಗೆ ಆಡಿಸಿದರೆ ಹಲ್ಲು ನುಣ್ಣಗೆ ಅನಿಸುತ್ತದೆ, ತಣ್ಣೀರಿಗೆ ಜುಮ್ ಅನ್ನುವುದೂ ಕಡಿಮೆಯಾಯಿತು. ನಾನು ತಂದದ್ದರಲ್ಲಿ ಫ್ಲೋರೈಡ್ ಇರಲಿಲ್ಲ. ಪೇಸ್ಟ್ ನುಂಗುವ ಚಿಕ್ಕ ಮಕ್ಕಳಿಗೆ, ಅದರಲ್ಲೂ ನಮ್ಮ ಸೀಮೆಯಲ್ಲಿ, ಡಾಕ್ಟರನ್ನು ಕೇಳಿ ನೋಡಬಹುದಾದದ್ದು ಇದು.

ದೊಡ್ಡವರಿಗಾದರೆ ನನ್ನ ಓಟು ಫ್ಲೋರೈಡ್‌ಗೇ. ದುಡ್ಡಿದ್ದರೆ ರಾತ್ರಿ ಅದರ ಮೇಲೆ ಕ್ರೀಮ್ ಸೇರಿಸಿ. ಕ್ರೀಮ್ ಒಂದನ್ನೇ ನಂಬಿ ಪೇಸ್ಟ್ ಬಿಡಬೇಡಿ. ಕುಳಿ ಬಿದ್ದಿದ್ದರೆ ಈ ಮೂರೂ ದಂಡ, ಫಿಲ್ಲಿಂಗ್ ಮಾಡಿಸಬೇಕು. ನನ್ನ ಕಲೆ ಪೂರ್ತಿ ಹೋಗಿಲ್ಲ. ಸುಣ್ಣದ ಬಣ್ಣ ಮಾಸಿ ಹೊಳಪು ಬಂದಿದೆ. ಹೊಳಪು ಬಂತೆಂದರೆ ಹುಳುಕು ನಿಂತಿದೆ ಎಂದು ಡಾಕ್ಟರ್ ಅದನ್ನು ಹಾಗೇ ಬಿಟ್ಟಿದ್ದಾರೆ.