ಬಿಯರ್ ಹುದುಗಿಸಲು ಟೆಂಪರೇಚರ್ ಕಂಟ್ರೋಲರ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮನೆಯಲ್ಲಿ ಬಿಯರ್ ಮಾಡುವವರು ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಕೇಳಿದರೆ, ಟೆಂಪರೇಚರ್ ಕಂಟ್ರೋಲರ್‌ಗೆ ಅಂತಲೇ ನಾನು ಹೇಳುವುದು. ಸ್ಟೀಲ್ ಫರ್ಮೆಂಟರ್ (ಬಿಯರ್ ಹುದುಗುವ ಡ್ರಮ್), ದೊಡ್ಡ ಪಾತ್ರೆ, ಬಗೆಬಗೆಯ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಎಲ್ಲ ಆಮೇಲೆ ನೋಡಿಕೊಳ್ಳಬಹುದು. ನನ್ನ ಹತ್ತಿರ ಇರುವುದು ಎರಡು ಸಾಕೆಟ್‌ನ ಮಾಮೂಲಿ ಮಾಡೆಲ್. ಒಂದಕ್ಕೆ ಹಳೆಯ ಫ್ರಿಜ್ ಹಾಕಿದ್ದೇನೆ, ಇನ್ನೊಂದಕ್ಕೆ ಫರ್ಮೆಂಟರ್‌ಗೆ ಸುತ್ತುವ ಹೀಟಿಂಗ್ ಬೆಲ್ಟ್. ವೈರಿನ ತುದಿಯಲ್ಲಿ ಬಿಸಿ ಅಳೆಯುವ ಒಂದು ಪ್ರೋಬ್. ಬೇಕಾದ ಡಿಗ್ರಿ ಸೆಟ್ ಮಾಡಿಬಿಟ್ಟರೆ ಬಿಸಿ ಏರಿದಾಗ ಫ್ರಿಜ್ ಆನ್ ಆಗುತ್ತದೆ, ಇಳಿದಾಗ ಬೆಲ್ಟ್. ಇದರ ಕೆಲಸ ಅಷ್ಟೇ, ಅದನ್ನು ವರ್ಷಗಳಿಂದ ಸರಿಯಾಗಿ ಮಾಡಿಕೊಂಡು ಬಂದಿದೆ.

ಇಷ್ಟು ಸಣ್ಣ ಕೆಲಸಕ್ಕೆ ಯಾಕಿಷ್ಟು ಮಹತ್ವ ಅಂದರೆ, ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಹುಟ್ಟಿಸುತ್ತದೆ. ಜೋರಾಗಿ ನೊರೆ ಏಳುವ ಹೊತ್ತಿನಲ್ಲಿ ಡ್ರಮ್ಮಿನ ಒಳಗಿನ ಬಿಯರ್ ಸುತ್ತಲಿನ ಗಾಳಿಗಿಂತ 3-4 ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ ಬಿಸಿ ಇರಬಹುದು. ಕೋಣೆ 20 ಡಿಗ್ರಿ ಇದೆ, ಸಾಕು ಅಂದುಕೊಂಡರೆ ಯೀಸ್ಟ್ ಇರುವುದು 24ರಲ್ಲಿ. ಅಲ್ಲಿ ಅದು ಎಸ್ಟರ್ ಜಾಸ್ತಿ ಮಾಡುತ್ತದೆ, ಬಿಯರ್‌ಗೆ ಹಣ್ಣಿನ ವಾಸನೆ ಬರುತ್ತದೆ. ಇನ್ನೂ ಮೇಲೆ ಹೋದರೆ ಫ್ಯೂಸೆಲ್ ಆಲ್ಕೋಹಾಲ್, ಅಂದರೆ ಗಂಟಲು ಸುಡುವ, ಥಿನ್ನರ್‌ನಂಥ ಘಾಟು. ಜರ್ಮನ್ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ ಬೇಕೇ ಬೇಕು, ಆದರೆ ಪೇಲ್ ಏಲ್‌ನಲ್ಲಿ ಅದೇ ವಾಸನೆ ಯಾರಿಗೆ ಬೇಕು? ಇವೆಲ್ಲ ಬಹುಪಾಲು ನಿರ್ಧಾರವಾಗುವುದು ಮೊದಲ ಎರಡು ಮೂರು ದಿನಗಳಲ್ಲಿ. ಆಮೇಲೆ ತಣ್ಣಗೆ ಮಾಡಿದರೆ ಆದದ್ದು ಅಳಿಸಿಹೋಗುವುದಿಲ್ಲ. ಅದಕ್ಕೇ ನಾನು ವರ್ಟ್ ಅನ್ನು (ಇನ್ನೂ ಹುದುಗದ ಸಿಹಿ ಮಾಲ್ಟ್ ರಸ) ಗುರಿಗಿಂತ ಒಂದು ಡಿಗ್ರಿ ಕೆಳಗೆ ಇಳಿಸಿದ ಮೇಲೆಯೇ ಯೀಸ್ಟ್ ಹಾಕುವುದು. ಬಿಸಿ ವರ್ಟ್‌ಗೆ ಹಾಕಿ, ಇನ್ನು ಫ್ರಿಜ್ ನೋಡಿಕೊಳ್ಳಲಿ ಅಂತ ಬಿಡುವವರಿಗೆ ಈ ಕಂಟ್ರೋಲರ್ ಕೊಂಡ ಅರ್ಧ ಲಾಭವೂ ಸಿಗುವುದಿಲ್ಲ.

ಈಗ ಪ್ರೋಬ್ ವಿಷಯ. ನನ್ನನ್ನು ಕೇಳಿದರೆ ಇಡೀ ವಿಮರ್ಶೆಯಲ್ಲಿ ಮುಖ್ಯವಾದದ್ದು ಇದೇ. ಪ್ರೋಬನ್ನು ಫ್ರಿಜ್ ಒಳಗೆ ಸುಮ್ನೆ ನೇತುಹಾಕಿದರೆ ಅದು ಅಳೆಯುವುದು ಗಾಳಿಯನ್ನು. ಗಾಳಿ ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯಾಗುತ್ತದೆ, ಕಂಪ್ರೆಸರ್ ಪದೇ ಪದೇ ಆನ್ ಆಫ್ ಆಗುತ್ತಿರುತ್ತದೆ, ಒಳಗೆ ಬಿಯರ್ ಮಾತ್ರ ತನ್ನ ಪಾಡಿಗೆ ಬಿಸಿಯಾಗಿಯೇ ಇರುತ್ತದೆ. ಡಿಸ್‌ಪ್ಲೇಯಲ್ಲಿ 18 ಅಂತ ಕಾಣುತ್ತದೆ, ನಾವು ನಂಬುತ್ತೇವೆ. ಅದರ ಬದಲು ಪ್ರೋಬನ್ನು ಡ್ರಮ್ಮಿನ ಗೋಡೆಗೆ, ದ್ರವದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಒತ್ತಿ ಇಟ್ಟು, ಮೇಲೆ ದಪ್ಪ ಫೋಮ್ ತುಂಡು ಮುಚ್ಚಿ, ಗಟ್ಟಿಯಾಗಿ ಟೇಪ್ ಸುತ್ತಿ. ಬೆಲ್ಟ್ ಹತ್ತಿರ ಬೇಡ, ಬೆಲ್ಟಿನ ಬಿಸಿಯನ್ನೇ ಓದಿಬಿಡುತ್ತದೆ. 20 ಲೀಟರ್ ಅಳತೆಗೆ ಇದು ಸಾಕು. ಥರ್ಮೋವೆಲ್, ಅಂದರೆ ಬಿಯರ್ ನಡುವಿಗೆ ಇಳಿಯುವ ತುದಿ ಮುಚ್ಚಿದ ಕೊಳವೆ, ಅದರ ಒಳಗೆ ಪ್ರೋಬ್ ಇಳಿಸುವುದನ್ನೂ ಮಾಡಿ ನೋಡಿದ್ದೇನೆ. ನಡುಮಧ್ಯದ ಬಿಯರ್ ತಣ್ಣಗಾಗುವಷ್ಟರಲ್ಲಿ ಫ್ರಿಜ್ ಒಳಗಿನ ಗಾಳಿ ವಿಪರೀತ ತಣ್ಣಗಾಗಿರುತ್ತದೆ, ಹಾಗಾಗಿ ಕಂಪ್ರೆಸರ್ ನಿಂತ ಮೇಲೂ ಬಿಯರ್ ಇಳಿಯುತ್ತಲೇ ಹೋಗುತ್ತದೆ. ನನಗೆ ಟೇಪೇ ಇಷ್ಟ.

ಸೆಟ್ಟಿಂಗ್‌ನಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಸೆಟ್ ಮಾಡಿದ ಡಿಗ್ರಿಯಿಂದ ತಣ್ಣಗೆ ಮಾಡಲು ಅರ್ಧ ಡಿಗ್ರಿ ಅಂತರ, ಬಿಸಿ ಮಾಡಲು ಒಂದು ಡಿಗ್ರಿ ಇಟ್ಟಿದ್ದೇನೆ, ಎರಡನ್ನೂ ತೀರಾ ಕಡಿಮೆ ಮಾಡಿದರೆ ಫ್ರಿಜ್ ಮತ್ತು ಬೆಲ್ಟ್ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತಾ ಕೂರುತ್ತವೆ. ಕಂಪ್ರೆಸರ್ ಡಿಲೇ, ಅಂದರೆ ನಿಂತ ಮೇಲೆ ಮತ್ತೆ ಆನ್ ಆಗುವ ಮೊದಲು ಕಾಯುವ ಹೊತ್ತು, ಇದ್ದದ್ದರಲ್ಲಿ ಜಾಸ್ತಿ ಇಡಿ. ನಿಂತ ಕಂಪ್ರೆಸರ್‌ನ ಗ್ಯಾಸ್ ಒತ್ತಡ ಸಮ ಆಗುವ ಮೊದಲೇ ಮತ್ತೆ ಆನ್ ಆದರೆ ಮೋಟರ್‌ಗೆ ಒಳ್ಳೆಯದಲ್ಲ. ಪುಡಿ ಐಸ್ ಮತ್ತು ನೀರು ಕಲಸಿ ಪ್ರೋಬ್ ಅದ್ದಿದರೆ ಸೊನ್ನೆ ತೋರಿಸಬೇಕು, ಇಲ್ಲದಿದ್ದರೆ ಕ್ಯಾಲಿಬ್ರೇಷನ್‌ನಲ್ಲಿ ಸರಿಪಡಿಸಿ.

ಯೀಸ್ಟ್ ವಿಷಯಕ್ಕೆ ಬಂದರೆ, ಸಾಫ್‌ಏಲ್ ಯುಎಸ್-05 ಎಂಬ ಒಣ ಏಲ್ ಯೀಸ್ಟ್ ಈ ಸೆಟಪ್‌ಗೆ ಹೇಳಿ ಮಾಡಿಸಿದ ಹಾಗಿದೆ. 11.5 ಗ್ರಾಂ ಪ್ಯಾಕೆಟ್ 20 ಲೀಟರ್‌ಗೆ ಸಾಕು. 18ರಲ್ಲಿ ಶುರು ಮಾಡುತ್ತೇನೆ, ನೊರೆ ಇಳಿಯತೊಡಗಿದ ಮೇಲೆ ನಿಧಾನವಾಗಿ 20-21ಕ್ಕೆ ಏರಿಸುತ್ತೇನೆ. ಕೊನೆಯಲ್ಲಿ ಯೀಸ್ಟ್‌ಗೆ ಬೇಕಾಗಿರುವುದು ಬಿಸಿ, ತಂಪಲ್ಲ. ಅದನ್ನು ಮರೆತು ಪೂರ್ತಿ ಒಂದೇ ಡಿಗ್ರಿಯಲ್ಲಿ ಹಿಡಿದಿಡುವವರು ತುಂಬಾ ಜನ. ಲಾಗರ್‌ನಲ್ಲಿ (ತಂಪಿನಲ್ಲಿ ಹುದುಗಿಸುವ ಬಿಯರ್) ಇದು ಇನ್ನೂ ಮುಖ್ಯ. ಡಬ್ಲ್ಯು-34/70 ಎಂಬ ಲಾಗರ್ ಯೀಸ್ಟ್‌ನಿಂದ 12ರಲ್ಲಿ ಹುದುಗಿಸುವಾಗ ಎರಡು ಪ್ಯಾಕೆಟ್ ಹಾಕಿ. ಮುಕ್ಕಾಲು ಭಾಗ ಹುದುಗಿದ ಮೇಲೆ 16ಕ್ಕೆ ಏರಿಸಿದರೆ ಯೀಸ್ಟ್ ತಾನೇ ಬಿಟ್ಟ ಡೈಅಸಿಟೈಲನ್ನು ಮತ್ತೆ ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಬಿಯರ್‌ನಲ್ಲಿ ಬೆಣ್ಣೆಯ ವಾಸನೆ ಉಳಿಯುತ್ತದೆ. ಪರೀಕ್ಷೆ ಸುಲಭ: ಒಂದು ಲೋಟ ಬಿಯರನ್ನು ಮುಚ್ಚಿ 60 ಡಿಗ್ರಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಆರಿಸಿ, ಬಿಸಿ ಮಾಡದ ಲೋಟದ ಜೊತೆ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಹೊಡೆದರೆ ಇನ್ನೂ ಕಾಯಬೇಕು. ಫ್ರಿಜ್ ಇಲ್ಲದವರಿಗೆ ನಾರ್ವೆಯ ವೋಸ್ ಕ್ವೈಕ್ ಯೀಸ್ಟ್ ಇದೆಯಲ್ಲ, ಅದಕ್ಕೆ 35ರಿಂದ 40 ಡಿಗ್ರಿಯೇ ಖುಷಿ, ಬೆಲ್ಟ್ ಒಂದೇ ಸಾಕಾಗುತ್ತದೆ.

ಒಂದು ಮಾತು, ಕಂಟ್ರೋಲರ್ ಇದೆ ಅಂತ ಹಳೆಯ, ಅರೆಜೀವದ ಯೀಸ್ಟ್ ಹಾಕಿದರೆ ಅದು ಉಳಿಸಿಕೊಡುವುದಿಲ್ಲ. ಡಿಗ್ರಿ ಎಷ್ಟೇ ಸರಿ ಇರಲಿ, ಯೀಸ್ಟ್ ಕಡಿಮೆ ಬಿದ್ದರೆ ಹುದುಗುವುದು ಅರ್ಧಕ್ಕೇ ನಿಲ್ಲಬಹುದು. ಬಾಟಲಿಗೆ ತುಂಬುವ ಮೊದಲು ಹೈಡ್ರೋಮೀಟರ್ (ಬಿಯರ್‌ನಲ್ಲಿ ಉಳಿದ ಸಕ್ಕರೆ ತಿಳಿಸುವ ಮಾಪಕ) ಅಳತೆ ಎರಡು ಮೂರು ದಿನ ಒಂದೇ ಇದೆಯಾ ನೋಡಿ, ಒಳಗೆ ಹುದುಗುವುದು ಮುಂದುವರಿದು ಬಾಟಲಿ ಸಿಡಿಯುವುದು ತಮಾಷೆಯಲ್ಲ. ಕೊನೆಗೆ 2-3 ಡಿಗ್ರಿಗೆ ಇಳಿಸಿ ಯೀಸ್ಟ್ ತಳ ಸೇರಿಸುವಾಗ ಒಳಗಿನ ಗಾಳಿ ಕುಗ್ಗಿ, ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ, ಆಗ ಏರ್‌ಲಾಕ್ ತೆಗೆದು ಬಾಯಿ ಭದ್ರವಾಗಿ ಮುಚ್ಚುವುದು ವಾಸಿ. ಡ್ರಮ್ ಗಟ್ಟಿ ಇಲ್ಲದಿದ್ದರೆ ಸ್ವಲ್ಪ ಒಳಗೆ ತಗ್ಗುತ್ತದೆ, ಅದನ್ನೂ ಗಮನಿಸಿ.

ದೂರು ಅಂದರೆ ಎರಡು. ಮುಚ್ಚಿದ ಫ್ರಿಜ್‌ನಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತದೆ, ತೇವ ಹೀರುವ ಡಬ್ಬಿ ಇಡಲೇಬೇಕು, ಇದು ಕಂಟ್ರೋಲರ್ ತಪ್ಪಲ್ಲ ಬಿಡಿ. ಇನ್ನೊಂದು ಅದರದ್ದೇ ತಪ್ಪು: ಪ್ರೋಬಿನ ತುದಿಯಲ್ಲಿ ವೈರ್ ಸೇರುವ ಜಾಗಕ್ಕೆ ನೀರು ಇಳಿದು ತಪ್ಪು ಡಿಗ್ರಿ ತೋರಿಸತೊಡಗಿತು, ಹೊಸದು ಹಾಕಬೇಕಾಯಿತು. ಹೀಗಾಗಿ ಕೊಳ್ಳುವಾಗ ವೈಫೈ ಇದೆಯಾ ಅಂತ ನೋಡುವ ಮೊದಲು ಪ್ರೋಬ್ ಬಿಚ್ಚಿ ಬದಲಿಸಲು ಬರುತ್ತದಾ ನೋಡಿ, ಬರುವುದಾದರೆ ಜೊತೆಗೇ ಇನ್ನೊಂದು ಪ್ರೋಬ್ ತೆಗೆದಿಟ್ಟುಕೊಳ್ಳಿ.