ಲೈಟ್: ಬೆಳಕೋ, ದೀಪವೋ, ಹಗುರವೋ?

ಇಂಗ್ಲಿಷಿನ 'ಲೈಟ್' ಅನ್ನು ಕನ್ನಡಕ್ಕೆ ತರುವಾಗ ಯಾವ ಪದ ಹಿಡಿಯಬೇಕು? ಕಿಟಕಿಯಿಂದ ಒಳಗೆ ಬರುವುದು ಬೆಳಕು. ಸ್ವಿಚ್ ಒತ್ತಿದರೆ ಹತ್ತುವುದು ದೀಪ. 'ದೀಪ ಆರಿಸು' ಅನ್ನುತ್ತೇವೆ, 'ಬೆಳಕು ಆರಿಸು' ಅನ್ನುವುದಿಲ್ಲ, ಅಲ್ವಾ?

ತೂಕದ ಮಾತಾದರೆ ಹಗುರ. ಈ ಲೈಟ್ ನಿಜಕ್ಕೂ ಬೇರೆಯೇ ಪದ. ಬೇರೆ ಬೇರೆ ಬೇರಿನಿಂದ ಹುಟ್ಟಿದ ಎರಡು ಪದಗಳು ಇಂಗ್ಲಿಷಿನಲ್ಲಿ ಒಂದೇ ರೂಪಕ್ಕೆ ಬಂದು ನಿಂತಿವೆ. ಹಗುರದ ಲೈಟ್‌ಗೆ ಸಂಸ್ಕೃತದ 'ಲಘು' ದೂರದ ನೆಂಟ! ಹಾಗಂತ ಎಲ್ಲ ಕಡೆ ಲಘು ಹಾಕಬೇಡಿ. 'ಲಘು ಉಪಾಹಾರ' ಸರಿ, 'ಲಘು ಚೀಲ' ಕಿವಿಗೆ ಒಗ್ಗುವುದಿಲ್ಲ. ಹಗುರವಾದ ಚೀಲವೇ ಚೆಂದ.

ಬಣ್ಣಕ್ಕೆ ತಿಳಿ: ತಿಳಿ ನೀಲಿ, ತಿಳಿ ಹಸಿರು.

ಹೋಟೆಲಿನಲ್ಲಿ ಮಾತ್ರ 'ಕಾಫಿ ಲೈಟಾಗಿರಲಿ' ಅಂತಲೇ ಹೇಳಿ. ಡಿಕಾಕ್ಷನ್ ಕಡಿಮೆ, ಹಾಲು ಜಾಸ್ತಿ ಬರುತ್ತದೆ.