ರಬ್ಬರ್ ಕೈಗೆ ಐದರಲ್ಲಿ ಮೂರೂವರೆ ಸ್ಟಾರ್

ಹೊಸ ನರ್ಸ್‌ಗಳಿಗೆ ಲೈನ್ ಹಾಕೋದು (ಡ್ರಿಪ್‌ಗೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಕೊಳವೆ ಕೂರಿಸೋದು) ಕಲಿಸಲು ಐವಿ ಪ್ರಾಕ್ಟೀಸ್ ಆರ್ಮ್, ಅಂದ್ರೆ ಚುಚ್ಚಿ ಅಭ್ಯಾಸ ಮಾಡೋ ರಬ್ಬರ್ ಕೈ ತರಿಸಬೇಕಾ ಬೇಡವಾ ಅಂತ ಯೋಚಿಸ್ತಿರೋ ವಾರ್ಡ್ ಇನ್‌ಚಾರ್ಜ್‌ಗಳಿಗೆ ಇದು. ನಮ್ಮದು ತೀರ್ಥಹಳ್ಳಿ ಕಡೆಯ ಆಸ್ಪತ್ರೆ. ವರ್ಷವರ್ಷವೂ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಕೋರ್ಸ್ ಮುಗಿಸಿದ ಹುಡುಗಿಯರು ಬರ್ತಾರೆ, ಈಚೆಗೆ ಹುಡುಗರೂ. ಶಿವಮೊಗ್ಗದ ದುರ್ಗಿಗುಡಿಯ ಸರ್ಜಿಕಲ್ ಅಂಗಡಿಯೊಂದರ ಮೂಲಕ ತರಿಸಿದ್ದು ಈ ಕೈ. ಚಳಿಗಾಲ, ಮಳೆಗಾಲ ಎರಡೂ ಕಂಡಿದೆ. ಕೊಳ್ಳಬಹುದು, ಆದರೆ ಇದು ಅರ್ಧ ಪಾಠ ಮಾತ್ರ ಮಾಡುತ್ತೆ. ಉಳಿದರ್ಧ ನಿಮ್ಮ ತಲೆಮೇಲೇ.

ಮೊದಲು ಒಳ್ಳೇದು. ಕೈಗೆ ಅಭ್ಯಾಸ ಆಗಬೇಕಾದ ಕ್ರಮವನ್ನು ಇದು ಚೆನ್ನಾಗಿ ಕೂರಿಸುತ್ತೆ. ಟೂರ್ನಿಕೆಟ್ (ನಾಳ ಉಬ್ಬಿಸೋ ಬಿಗಿ ಪಟ್ಟಿ) ಚುಚ್ಚೋ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಕಟ್ಟೋದು, ಸ್ಪಿರಿಟ್ ಒರೆಸಿ ಒಣಗೋವರೆಗೆ ಕಾಯೋದು, ಒಣಗಿದ ಮೇಲೆ ಮತ್ತೆ ಬೆರಳಿಟ್ಟು ಮುಟ್ಟದೇ ಇರೋದು, ಎಡಗೈ ಹೆಬ್ಬೆರಳಿನಿಂದ ಚರ್ಮ ಕೆಳಗೆ ಎಳೆದು ಹಿಡಿಯೋದು, ಸೂಜಿಯ ಬಾಯಿ ಮೇಲ್ಮುಖ. ಹತ್ತರಿಂದ ಮೂವತ್ತು ಡಿಗ್ರಿ ಓರೆಯಲ್ಲಿ ಒಳಗೆ ಹೋಗಿ, ರಕ್ತ ಹಿಂದಕ್ಕೆ ಕಂಡ ಕೂಡಲೇ ಓರೆ ತಗ್ಗಿಸಿ ಕೂದಲೆಳೆಯಷ್ಟು ಮುಂದೆ ಹೋಗಿ, ಆಮೇಲೆ ಸೂಜಿಯ ಮೇಲೆ ಕೂತ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಕ್ಯಾನುಲಾ ಮಾತ್ರ ಜಾರಿಸೋದು. ಆ 'ಕೂದಲೆಳೆ'ಯನ್ನು ಬಾಯಲ್ಲಿ ಹೇಳಿ ಕಲಿಸೋಕಾಗಲ್ಲ. ಸೂಜಿಯ ತುದಿ ವೇನ್ (ರಕ್ತನಾಳ) ಒಳಗಿದ್ದು ಪ್ಲಾಸ್ಟಿಕ್ಕಿನ ತುದಿ ಇನ್ನೂ ಹೊರಗೇ ಇರುತ್ತಲ್ಲ, ಅದು ಈ ರಬ್ಬರ್ ಕೈಯಲ್ಲಿ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತೆ. ಪೂರ್ತಿ ಅಂಕ ಅದಕ್ಕೆ. ಹೊರಗೆಳೆದ ಸೂಜಿಯನ್ನು ಕ್ಯಾನುಲಾ ಒಳಗೆ ಮತ್ತೆ ತೂರಿಸೋ ಚಾಳಿಯನ್ನೂ ಇಲ್ಲೇ ಬಿಡಿಸಿ. ಪ್ಲಾಸ್ಟಿಕ್ ಕತ್ತರಿಸಿ ಚೂರು ರಕ್ತದಲ್ಲಿ ತೇಲಿಹೋಗೋದು ಪುಸ್ತಕದ ಹೆದರಿಕೆ ಮಾತ್ರ ಅಲ್ಲ.

ಇನ್ನು ತಕರಾರು. ಈ ಕೈ ವಿಪರೀತ ಸಾಧು, ಮಾರಾಯ್ರೆ. ವೇನ್ ಜಾರಲ್ಲ, ಅಡಗಲ್ಲ. ಟೂರ್ನಿಕೆಟ್ ಕಟ್ಟಿದರೂ ಬಿಟ್ಟರೂ ಒಂದೇ. ರಕ್ತದ ಬದಲು ಕೆಂಪು ನೀರು ತುಂಬಿ ಕೈಗೆ ಜೋಡಿಸೋ ಚೀಲ ಎತ್ತರಕ್ಕೆ ನೇತುಹಾಕಿದ್ರೆ ನೀರು ಚಿಮ್ಮುತ್ತೆ. ಇದರಲ್ಲಿ ಪಳಗಿದ ಹುಡುಗಿ ವಾಂತಿಭೇದಿಯಾಗಿ ಒಣಗಿಹೋದ ಅಜ್ಜಿಯ ಮುಂದೆ ನಿಂತಾಗ ರಕ್ತ ನಿಧಾನಕ್ಕೆ ಬರುತ್ತೆ ಅನ್ನೋದೇ ಗೊತ್ತಿರಲ್ಲ. ಬರಲಿಲ್ಲ ಅಂದುಕೊಂಡು ಮುಂದೆ ಒತ್ತಿ ಆಚೆಗೋಡೆ ತೂತು ಮಾಡ್ತಾಳೆ. ಅಡಿಕೆ ಸುಲಿಯೋ ಹೆಂಗಸರ ಕೈಚರ್ಮ ಎಷ್ಟು ದಪ್ಪ, ಜುಲೈ ಮಳೆಯಲ್ಲಿ ಗದ್ದೆಯಿಂದ ನೇರ ಬಂದವರ ಕೈ ಎಷ್ಟು ತಣ್ಣಗಿರುತ್ತೆ, ಇದೆಲ್ಲ ರಬ್ಬರಿಗೆ ಎಂತ ಗೊತ್ತು? ತಣ್ಣಗಿನ ಕೈಗೆ ಬಿಸಿನೀರಿನ ಬಟ್ಟೆ ಸುತ್ತಿ, ಮಂಚದಿಂದ ಕೆಳಗೆ ಇಳಿಬಿಟ್ಟು ಸ್ವಲ್ಪ ಕಾಯಿರಿ ಅಂತ ವಾರ್ಡಿನಲ್ಲೇ ತೋರಿಸಬೇಕು. ಕಣ್ಣಿಗೆ ನೀಲಿಯಾಗಿ ಕಂಡದ್ದಕ್ಕೆ ಚುಚ್ಚಬೇಡಿ, ಬೆರಳಿಗೆ ಸ್ಪ್ರಿಂಗಿನ ಹಾಗೆ ಸಿಕ್ಕಿದ್ದಕ್ಕೆ ಚುಚ್ಚಿ ಅನ್ನೋದನ್ನೂ ಅಷ್ಟೇ.

ಯಾವ ಕ್ಯಾನುಲಾ ಅನ್ನೋ ಪ್ರಶ್ನೆಯನ್ನಂತೂ ಈ ಕೈ ಕೇಳೋದೇ ಇಲ್ಲ. ಜೊತೆಗೆ ಬಂದ ಕಿರುಪುಸ್ತಕದಲ್ಲಿ ಬಣ್ಣದ ಪಟ್ಟಿ ಇದೆ: 18 ಹಸಿರು, 20 ಪಿಂಕ್, 22 ನೀಲಿ, 24 ಹಳದಿ. ಅಷ್ಟು ಕಾಲೇಜಲ್ಲೇ ಬಾಯಿಪಾಠ ಆಗಿರುತ್ತೆ. ನಂಬರ್ ದೊಡ್ಡದಾದಷ್ಟು ತೂತು ಸಣ್ಣ ಅನ್ನೋದೂ ಗೊತ್ತು. ಆದರೂ ಹೊಸಬರು ಎಲ್ಲರಿಗೂ ಪಿಂಕ್ ಹಾಕ್ತಾರೆ, ಭಯ ಇದ್ದವರು ಎಲ್ಲರಿಗೂ ನೀಲಿ. ಅದಕ್ಕೆ ನಾನು ಮಾಡೋದು ಇಷ್ಟೇ: ಅವಧಿ ಮೀರಿದ ಸಲೈನ್ ಬಾಟಲಿಗಳನ್ನು ಒಂದೇ ಎತ್ತರಕ್ಕೆ ಕಟ್ಟಿ, ಹರಿವು ಹಿಡಿಯೋ ರೋಲರ್ ಪೂರ್ತಿ ಬಿಟ್ಟು, ಒಂದರ ತುದಿಗೆ ಹಳದಿ, ಒಂದಕ್ಕೆ ಪಿಂಕ್, ಒಂದಕ್ಕೆ ಹಸಿರು ಸಿಕ್ಕಿಸಿ ಬಕೆಟ್ಟಿಗೆ ಬಿಡ್ತೇನೆ. ಕೊಳವೆಯ ತ್ರಿಜ್ಯ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು, ಉದ್ದ ಹೆಚ್ಚಿದಷ್ಟೂ ಕಡಿಮೆ ಅನ್ನೋ ಸೂತ್ರ ಬೋರ್ಡಿನ ಮೇಲಿದ್ದಾಗ ಆಕಳಿಸ್ತಿದ್ದವರು ಬಕೆಟ್ ನೋಡಿ ಎದ್ದು ಕೂರ್ತಾರೆ. ಆಮೇಲೆ ಲೆಕ್ಕ. 500 ಎಂಎಲ್ ನಾಲ್ಕು ಗಂಟೆಗೆ, ಎಂಎಲ್‌ಗೆ 20 ಹನಿ ಬೀಳೋ ಡ್ರಿಪ್ ಸೆಟ್ ಆದರೆ ನಿಮಿಷಕ್ಕೆ ಹೆಚ್ಚುಕಮ್ಮಿ 42 ಹನಿ. ಅದಕ್ಕೆ ನೀಲಿಯೇ ಧಾರಾಳ ಸಾಕು. ಕೆಲಸಕ್ಕೆ ಸಾಕಾಗೋವುಗಳಲ್ಲಿ ಸಣ್ಣದನ್ನು ಹಾಕಿದರೆ ಸುತ್ತ ರಕ್ತ ಹರಿಯೋಕೆ ಜಾಗ ಇರುತ್ತೆ, ವೇನ್ ಬೇಗ ಕೆಂಪಾಗಿ ನೋಯಲ್ಲ. ಘಾಟಿಯಲ್ಲಿ ಬೈಕ್ ಬಿದ್ದು ಬಂದವನಿಗೆ ಮಾತ್ರ ಹಸಿರೋ, ಬೂದು ಬಣ್ಣದ 16 ನಂಬರೋ ಹಾಕಿ, ಆಗ ಲೆಕ್ಕ ಹಾಕ್ತಾ ಕೂರಬೇಡಿ.

ನಮ್ಮ ಕಡೆಯವರು ಇನ್ನೊಂದು ಸೇರಿಸಿಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆ ಹತ್ತಿರ ಬಂದಂತೆ ಕಾಣಿಸಿಕೊಳ್ಳುತ್ತಲ್ಲ, ಆ ರೋಗಿಗಳಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣಗಳು) ಇಳಿದಿರಬಹುದು. ತಪ್ಪಿದ ಪ್ರತಿ ಚುಚ್ಚಿಗೂ ಕೈ ನೀಲಿಗಟ್ಟುತ್ತೆ. ಒಬ್ಬರಿಗೆ ಎರಡೇ ಪ್ರಯತ್ನ, ಆಮೇಲೆ ಸೀನಿಯರ್‌ನ ಕರೀರಿ. ತೆಗೆದ ಜಾಗ ಮಾಮೂಲಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡೀರಿ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈ ಮುಟ್ಟಲೇಬೇಡಿ. ರಬ್ಬರ್ ಕೈಗೆ ಒಂದು ಫಿಸ್ಟುಲಾ ಗುರುತು ನಾನೇ ಮಾರ್ಕರ್‌ನಲ್ಲಿ ಬರೆದಿದ್ದೇನೆ, ಯಾರು ಗಮನಿಸ್ತಾರೆ ನೋಡೋಣ ಅಂತ.

ಬಾಳಿಕೆ ವಿಷಯ. ಮಲೆನಾಡಲ್ಲಿ ಇಟ್ಟುಕೊಳ್ಳೋವ್ರು ಓದಲೇಬೇಕು: ನೀರು ಪೂರ್ತಿ ಬಸಿದು, ಕೊಳವೆ ಒಳಗೆ ಗಾಳಿ ಊದಿ ಒಣಗಿಸದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಗ್ಯಾರಂಟಿ. ಪೆಟ್ಟಿಗೆಯ ಸ್ಪಂಜಿಗೇ ಮೊದಲು ಹಿಡಿಯುತ್ತೆ. ಅದನ್ನು ಬಿಸಾಕಿ, ಕೈಯನ್ನು ಗಾಳಿಯಾಡೋ ಕಪಾಟಿನಲ್ಲಿಡಿ. ಬೆಟಾಡಿನ್ ಹಚ್ಚಿದರೆ ಕಲೆ ಹೋಗಲ್ಲ. ಒಂದೇ ಜಾಗಕ್ಕೆ ಎಲ್ಲರೂ ಚುಚ್ಚಿ ಮೊಣಕೈ ಹತ್ತಿರ ಸೋರೋಕೆ ಶುರುವಾಯ್ತು. ಬದಲಿ ಚರ್ಮಕ್ಕೆ ತಯಾರಕರಿಗೆ ಬರೆದರೆ ಉತ್ತರ ಬರೋದ್ರೊಳಗೆ ಒಂದು ಬ್ಯಾಚೇ ಮುಗೀತು, ಒಂದು ಸ್ಟಾರ್ ಅಲ್ಲೇ ಹೋಯ್ತು. ಕೊಳ್ಳುವಾಗಲೇ ಹೆಚ್ಚುವರಿ ಚರ್ಮ, ಕೊಳವೆ ಸೇರಿಸಿ ಬಿಲ್ ಮಾಡಿಸಿ. ಬಣ್ಣ ಆಯ್ಕೆ ಇದ್ದರೆ ಕಪ್ಪಗಿನದ್ದೇ ತಗೊಳ್ಳಿ. ನಮ್ಮದು ಬೆಳ್ಳಗಿದೆ, ನಮ್ಮ ರೋಗಿಗಳು ಯಾರೂ ಹಾಗಿಲ್ಲ.

ಬಳಸಿದ ಸೂಜಿ ಚೂಪಾದ ಕಸ ಹಾಕೋ ಬಿಳಿ ಡಬ್ಬಿಗೇ ಹೋಗಲಿ, ಪ್ರಾಕ್ಟೀಸ್ ಆದರೂ ಸರಿ. ಮಗುವಿನ ಕೈ ಬೇರೆ ಮಾರ್ತಾರೆ, ನಾವಿನ್ನೂ ತಗೊಂಡಿಲ್ಲ. ತಗೊಂಡವರಿದ್ದರೆ ಹಳದಿ ಕ್ಯಾನುಲಾ ಅದರಲ್ಲಿ ಹೇಗೆ ಹೋಗುತ್ತೆ ಅಂತ ಬರೀರಿ.